ಗ್ವಾದಲಿಯ ಮಗ್ಗುಲಿಗೆ ಹಸಿ ಬಾಣಂತಿ

ಇಟಲಿಯ ಪಾದುವಾದಲ್ಲಿ ಸ್ಕ್ರೊವೆನ್ಯಿ ಮನೆತನದವರು ಕಟ್ಟಿಸಿದ ಪ್ರಾರ್ಥನಾಮಂದಿರವಿದೆ. 1305ರ ಸುಮಾರಿಗೆ ಅದರ ಗೋಡೆಯ ಮೇಲೆ ಜೊತ್ತೊ ಬರೆದ ಮರಿಯಮ್ಮ ಮಲಗಿಕೊಂಡಿದ್ದಾಳೆ. ಮಗ್ಗುಲಾಗಿ ಹೊರಳಿ ಎರಡೂ ಕೈ ನೀಡಿದ್ದಾಳೆ. ಆಚೆ ಬದಿಯಲ್ಲಿ ಇನ್ನೊಬ್ಬ ಹೆಂಗಸು, ಸೂಲಗಿತ್ತಿಯೇ ಇರಬೇಕು, ಅರಿವೆಯಲ್ಲಿ ಬಿಗಿದು ಸುತ್ತಿದ ಕೂಸನ್ನು ಹಿಡಿದಿದ್ದಾಳೆ. ತಾಯಿ ಕೂಸನ್ನು ಇಸಿದುಕೊಳ್ಳುತ್ತಿದ್ದಾಳೋ, ಮಲಗಿಸೆಂದು ಕೊಡುತ್ತಿದ್ದಾಳೋ ಎಷ್ಟು ಹೊತ್ತು ನೋಡಿದರೂ ತಿಳಿಯುವುದಿಲ್ಲ. ತಿಳಿಯುವುದು ಅವಳ ಕಣ್ಣು ಮಾತ್ರ. ಆ ನೋಟ ನೇರವಾಗಿ ಕೂಸಿನ ಮುಖಕ್ಕೆ ಹೋಗಿ ನಿಂತಿದೆ. ಮಾಡಿನ ಮೇಲೆ ದೇವದೂತರು ಹಾರಾಡುತ್ತಿದ್ದಾರೆ, ಬಲಕ್ಕೆ ಕುರುಬರು ನಮಗೆ ಬೆನ್ನು ಕೊಟ್ಟು ಆಕಾಶ ನೋಡುತ್ತಿದ್ದಾರೆ. ಆ ಗದ್ದಲದಲ್ಲಿ ಯಾವುದೂ ತಾಯಿಯ ಕಿವಿಗೆ ಬಿದ್ದಂತಿಲ್ಲ. ಅವಳ ಮೇಲುಹೊದಿಕೆಯ ನೀಲಿಯನ್ನು ಗಾರೆ ಒಣಗಿದ ಮೇಲೆ ಹಚ್ಚಿದ್ದರಿಂದ ಅದು ಬಹಳಷ್ಟು ಉದುರಿಹೋಗಿದೆ. ಉದುರಿದ್ದು ಒಳ್ಳೆಯದೇ ಆಯಿತು ಅನ್ನಿಸುತ್ತದೆ ನನಗೆ. ರಾಣಿಯ ಬಣ್ಣ ಹೋಗಿ ಬಾಣಂತಿ ಉಳಿದಳು.

ಈ ಚಿತ್ರವನ್ನು ನಾನು ಕಂಡದ್ದು ಪುಸ್ತಕದ ಹಾಳೆಯ ಮೇಲೆ. ಕಂಡ ಕಣ್ಣು ಮಾತ್ರ ಹಲಸಂಗಿ ಸೀಮೆಯದು. ಇಂಡಿ ಭಾಗದ, ಭೀಮಾ ನದಿಗೆ ಹತ್ತಿರದ ಈ ಊರಿನ ಹೆಸರನ್ನು ಕನ್ನಡದ ಓದುಗರು ಬಲ್ಲರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದ ಹಾಡುಗಳವು. ಬಸಿರು, ಬಯಕೆ, ಹೆರಿಗೆ, ಕೂಸಿನ ಅಳು, ತವರಿನ ಹಾದಿ ಕಾಯುವುದು, ಎಲ್ಲವನ್ನೂ ಅವು ಹೆತ್ತವಳು ಇರುವ ಕಡೆಯಿಂದ ನೋಡುತ್ತವೆ. ಬೆಳಗಿನ ಜಾವ ಬೀಸುಕಲ್ಲಿನ ಸಪ್ಪಳದ ಜೊತೆ ಈ ಹಾಡು ಕಿವಿಗೆ ಬಿದ್ದವರು ಯೇಸುವಿನ ಜನನದ ಚಿತ್ರದೆದುರು ನಿಂತರೆ ಮೊದಲು ಹುಡುಕುವುದು ನಕ್ಷತ್ರವನ್ನಲ್ಲ, ಬಾಣಂತಿಗೆ ಹಾಸಿಗೆ ಹಾಸಿದ್ದಾರೋ ಇಲ್ಲವೋ ಅಂತ. ಯುರೋಪಿನ ಎಂಟು ನೂರು ವರ್ಷದ ಚಿತ್ರಕಲೆಯನ್ನು ಅಳೆಯಲು ಈ ಅಳತೆಗೋಲು ಸಾಕಾಗುತ್ತದೆಯೇ? ನನ್ನ ಮಟ್ಟಿಗೆ ಸಾಕಾಗಿದೆ, ಮತ್ತು ಬೇರೆಯವರ ಕಣ್ಣಿಗೆ ಬೀಳದ ಒಂದೆರಡು ಸಂಗತಿಗಳನ್ನೂ ತೋರಿಸಿಕೊಟ್ಟಿದೆ.

ದನದ ಕೊಟ್ಟಿಗೆಯಲ್ಲಿ ದೇವರ ಮಗ ಹುಟ್ಟಿದನೆಂಬುದನ್ನು ಪ್ರವಚನಗಳಲ್ಲಿ ದೊಡ್ಡ ದೈನ್ಯವೆಂದು ಹೇಳುತ್ತಾರೆ. ನಮ್ಮ ಕಡೆಯ ಹಳೆಯ ಮನೆಯಲ್ಲಿ ಬೆಳೆದವರಿಗೆ ಇದು ಅಷ್ಟು ಬೇಗ ಅರ್ಥವಾಗುವುದಿಲ್ಲ. ಹೊಸ್ತಿಲು ದಾಟಿದ ಕೂಡಲೇ ದಂದಕ್ಕಿ, ಅಲ್ಲಿ ಎತ್ತು, ಆಕಳು, ಎಮ್ಮೆ. ಮೊಣಕಾಲೆತ್ತರದ ಕಟ್ಟೆ ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ. ಮನುಷ್ಯರೂ ದನಗಳೂ ಒಂದೇ ಮಾಳಿಗೆಯ ಕೆಳಗೆ. ರಾತ್ರಿ ಎಚ್ಚರಾದರೆ ಎತ್ತು ಮೆಲುಕು ಹಾಕುವುದು ಕೇಳಿಸಬೇಕು, ಕೇಳಿಸದಿದ್ದರೆ ಎದ್ದು ನೋಡಬೇಕು. ಪ್ಯಾಲೆಸ್ತೀನಿನ ಹಳ್ಳಿಮನೆಗಳೂ ಹೀಗೆಯೇ ಇದ್ದವು, ತಗ್ಗಿನಲ್ಲಿ ದನ, ಎತ್ತರದಲ್ಲಿ ಜನ, ನಡುವೆ ಮೇವು ಹಾಕುವ ಗ್ವಾದಲಿ ಇರುತ್ತಿತ್ತು ಎಂದು ಬೈಬಲ್ ವಿದ್ವಾಂಸರು ಕೆಲವರು ವಾದಿಸಿದ್ದಾರೆ. ಹಾಗಿದ್ದರೆ ಕೂಸನ್ನು ಗ್ವಾದಲಿಯಲ್ಲಿ ಮಲಗಿಸಿದ್ದು ಗತಿಗೇಡಿತನವಲ್ಲ. ಮೇವು ಮೆತ್ತಗಿರುತ್ತದೆ, ದನದ ಉಸಿರು ಬೆಚ್ಚಗಿರುತ್ತದೆ, ಕೂಸು ಉರುಳಿ ಬೀಳುವುದಿಲ್ಲ. ಇದು ತಿಳಿದ ಹೆಂಗಸರು ಮಾಡುವ ಕೆಲಸ.

ಎತ್ತು, ಕತ್ತೆಗಳ ಮಾತು ಬಂದದ್ದಕ್ಕೆ ಇದೊಂದು ಹೇಳಬೇಕು. ಲೂಕನ ಸುವಾರ್ತೆಯಲ್ಲಿ ಗ್ವಾದಲಿ ಇದೆ, ಕುರುಬರಿದ್ದಾರೆ, ಎತ್ತೂ ಇಲ್ಲ ಕತ್ತೆಯೂ ಇಲ್ಲ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಗ್ವಾದಲಿ ಗೊತ್ತು ಎಂಬ ಅರ್ಥದ ಮಾತು ಯೆಶಾಯನ ಪ್ರವಾದನೆಯಲ್ಲಿ ಬರುತ್ತದೆ. ಅಲ್ಲಿಂದ ಅವೆರಡೂ ಎದ್ದು ಬಂದು 4ನೆಯ ಶತಮಾನದ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಕೂಸಿನ ಪಕ್ಕ ನಿಂತುಬಿಟ್ಟವು. ಆಮೇಲೆ ಅವನ್ನು ಹೊರಗಟ್ಟಲು ಯಾರಿಂದಲೂ ಆಗಲಿಲ್ಲ. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಗ್ರೆಚ್ಚೊ ಎಂಬ ಊರಿನಲ್ಲಿ ಕ್ರಿಸ್‌ಮಸ್ ರಾತ್ರಿ ಗ್ವಾದಲಿ ತರಿಸಿ, ಹುಲ್ಲು ಹಾಸಿ, ಜೀವಂತ ಎತ್ತು ಕತ್ತೆಗಳನ್ನೇ ಕಟ್ಟಿಸಿದ. ನಮ್ಮ ಚರ್ಚುಗಳಲ್ಲಿ ಪ್ರತಿ ಡಿಸೆಂಬರಿನಲ್ಲಿ ಕಟ್ಟುವ ಗೋದಲಿಯ ವಂಶಾವಳಿ ಆ ರಾತ್ರಿಗೆ ಹೋಗಿ ಮುಟ್ಟುತ್ತದೆ.

ಪೂರ್ವದ ಬೈಜಾಂಟಿಯಂ ಪರಂಪರೆಯ ಐಕಾನುಗಳಲ್ಲಿ ಇನ್ನೂ ಹೆಚ್ಚಿನ ಮನೆವಾರ್ತೆ ಇದೆ. ಗವಿಯ ಬಾಯಲ್ಲಿ ಕೆಂಪು ಹಾಸಿಗೆಯ ಮೇಲೆ ಮರಿಯಮ್ಮ ಒರಗಿರುತ್ತಾಳೆ, ಎಷ್ಟೋ ಸಲ ಕೂಸಿಗೆ ಬೆನ್ನು ಮಾಡಿ. ಭಕ್ತರಿಗೆ ಇದಕ್ಕೆ ಏನೇನೋ ವ್ಯಾಖ್ಯಾನಗಳುಂಟು. ಹೆತ್ತು ಸುಸ್ತಾದವಳು ಹಾಗೆ ಹೊರಳಿ ಮಲಗುತ್ತಾಳೆಂಬುದು ನನ್ನ ವ್ಯಾಖ್ಯಾನ. ಕೆಳಗಿನ ಮೂಲೆಯಲ್ಲಿ ಇಬ್ಬರು ಹೆಂಗಸರು ಕೂಸಿಗೆ ಎರೆಯುತ್ತಿರುತ್ತಾರೆ. ಒಬ್ಬಳು ತೊಡೆಯ ಮೇಲೆ ಕೂಸನ್ನು ಹಾಕಿಕೊಂಡು ಕೂತಿದ್ದಾಳೆ, ಇನ್ನೊಬ್ಬಳು ಹೂಜಿಯಿಂದ ನೀರು ಸುರಿಯುತ್ತಿದ್ದಾಳೆ. ಕೆಲವು ಚಿತ್ರಗಳಲ್ಲಿ ಕೂತವಳ ಒಂದು ಕೈ ನೀರಿನೊಳಗಿದೆ: ಬಿಸಿ ಎಷ್ಟಿದೆ ಎಂದು ನೋಡುತ್ತಿದ್ದಾಳೆ! ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊಣಕಾಲ ಕೆಳಗೆ ಕೂಸನ್ನು ಬೋರಲು ಹಾಕಿ, ಬಿಸಿನೀರಿಗೆ ಕೈ ಅದ್ದಿ ತೆಗೆಯುವ ಎರೆಯುವವಳನ್ನು ಕಂಡವರಿಗೆ ಈ ಮೂಲೆ ಬಿಟ್ಟು ಕಣ್ಣು ಮೇಲೇಳುವುದಿಲ್ಲ. ಈ ಸೂಲಗಿತ್ತಿಯರು ಬಂದದ್ದು ಯಾಕೋಬನ ಹೆಸರಿನಲ್ಲಿರುವ, ಬೈಬಲಿನ ಹೊರಗೆ ಉಳಿದ 2ನೆಯ ಶತಮಾನದ ಗ್ರಂಥದಿಂದ. ಆ ಹೆರಿಗೆಗೆ ಸೂಲಗಿತ್ತಿಯೇ ಇರಲಿಲ್ಲವೆಂದು ಸಂತ ಜೆರೋಮ್ ಸಿಟ್ಟಿನಿಂದ ಬರೆದಿದ್ದಾನೆ. ಚಿತ್ರಕಾರರು ನೂರಾರು ವರ್ಷ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೂ ಚಿತ್ರವನ್ನು ಬದಲಿಸಿದವಳು ಒಬ್ಬ ಹೆಣ್ಣುಮಗಳೇ. ಸ್ವೀಡನ್ನಿನ ಸಂತ ಬ್ರಿಜಿಟ್ 1372ರಲ್ಲಿ ಬೆತ್ಲೆಹೇಮಿಗೆ ಯಾತ್ರೆ ಹೋದಾಗ ಅವಳಿಗೊಂದು ದರ್ಶನವಾಯಿತು. ಮರಿಯಮ್ಮ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಳು. ನೋವಿಲ್ಲದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೆರಿಗೆಯಾಗಿ ಕೂಸು ನೆಲದ ಮೇಲೆ ಬೆಳಗುತ್ತ ಮಲಗಿತ್ತು. ಜೋಸೆಫನ ಕೈಯ ಮೇಣದ ಬತ್ತಿ ಆ ಬೆಳಕಿನಲ್ಲಿ ಮಂಕಾಯಿತು. ಈ ದರ್ಶನದ ಬರಹ ಹರಡಿದ ಮೇಲೆ ಪಶ್ಚಿಮದ ಚಿತ್ರಗಳಲ್ಲಿ ಮರಿಯಮ್ಮ ಹಾಸಿಗೆಯಿಂದ ಎದ್ದಳು. ಸೂಲಗಿತ್ತಿಯರು ಮನೆಗೆ ಹೋದರು. ನೀರಿನ ಬೋಗುಣಿ ಮಾಯವಾಯಿತು. ಬದಲಿಗೆ ಬೆಳಕು ಸಿಕ್ಕಿತು. ಗೀರ್ಟ್‌ಗೆನ್ ಎಂಬ ಡಚ್ ಚಿತ್ರಕಾರ 1490ರ ಸುಮಾರಿಗೆ ಬರೆದ ಇರುಳಿನ ಚಿತ್ರದಲ್ಲಿ ಕೂಸಿನ ಮೈಯೇ ದೀಪವಾಗಿದೆ. ಅದು ದೊಡ್ಡ ಗಳಿಕೆ, ಇಲ್ಲವೆನ್ನಲಾರೆ.

ಈ ಬಗೆಯ ಚಿತ್ರಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಪಿಯೆರೊ ದೆಲ್ಲಾ ಫ್ರಾಂಚೆಸ್ಕಾನದು. 15ನೆಯ ಶತಮಾನದ ಉತ್ತರಾರ್ಧದಲ್ಲಿ ಬರೆದದ್ದು, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಐವರು ದೇವದೂತರು ಸಾಲಾಗಿ ನಿಂತು ವಾದ್ಯ ನುಡಿಸುತ್ತ ಹಾಡುತ್ತಿದ್ದಾರೆ. ರೆಕ್ಕೆ ಇಲ್ಲ, ಕಾಲಿಗೆ ಚಪ್ಪಲಿಯೂ ಇಲ್ಲ. ಹಿಂದೆ ಮುರುಕು ಗೋಡೆ, ಮೇಲೆ ಹುಲ್ಲು ಬೆಳೆದ ಸೋಗೆ, ಅದರ ಅಂಚಿನಲ್ಲೊಂದು ಹಕ್ಕಿ. ಎತ್ತು ತಲೆ ಬಗ್ಗಿಸಿ ಕೂಸಿನ ಕಡೆ ನೋಡುತ್ತಿದೆ. ಕತ್ತೆ ಮಾತ್ರ ಕತ್ತು ಮೇಲೆತ್ತಿ ಬಾಯಿ ತೆರೆದಿದೆ, ಹಾಡುವವರ ಬೆನ್ನ ಹಿಂದೆಯೇ. ಅದೂ ದನಿ ಸೇರಿಸುತ್ತಿದೆ ಎಂಬ ಅನುಮಾನ ಒಮ್ಮೆ ಬಂದರೆ ಆಮೇಲೆ ಈ ಚಿತ್ರವನ್ನು ನಗದೆ ನೋಡಲಾಗುವುದಿಲ್ಲ. ಪಿಯೆರೊ ಗಣಿತದ ಮೇಲೆ ಗ್ರಂಥ ಬರೆದ ಗಂಭೀರ ಮನುಷ್ಯ. ಕತ್ತೆಯ ಬಾಯಿ ತೆರೆಸಿದ್ದು ಅವನ ದೊಡ್ಡತನ.

ಈ ಚಿತ್ರದ ದೊಡ್ಡ ಪ್ರತಿಯನ್ನು ನಮ್ಮ ಆಯಿಗೆ ತೋರಿಸಿದ್ದೆ. ನೀಲಿ ಮೇಲುಹೊದಿಕೆಯ ಅಂಚನ್ನು ನೆಲಕ್ಕೆ ಹಾಸಿ ಅದರ ಮೇಲೆ ಬತ್ತಲೆ ಕೂಸನ್ನು ಮಲಗಿಸಿ, ಎದುರಿಗೆ ಮರಿಯಮ್ಮ ಮೊಣಕಾಲೂರಿ ಕೈ ಮುಗಿದಿದ್ದಾಳಲ್ಲ, ಆಯಿ ಅಲ್ಲೇ ತಡೆದಳು.

“ಹಸಿ ಬಾಣಂತಿನ ಹಿಂಗ ನೆಲದ ಮ್ಯಾಲ ಕುಂಡರ್ಸ್ಯಾರಲ್ಲೋ ತಮ್ಮಾ. ಕೂಸಿಗಿ ಒಂದ ಕುಂಚಗಿನೂ ಇಲ್ಲ. ಮನ್ಯಾಗ ಹಿರ್ಯಾರು ಯಾರೂ ಇದ್ದಿಲ್ಲೇನು?”

“ಅಂವಾ ದೇವರ ಮಗ, ಆಯಿ.”

“ದೇವರ ಮಗ ಆದ್ರ ಥಂಡಿ ಬಿಡತೈತೇನು?”

ಕಲಾವಿಮರ್ಶಕರು ಇದನ್ನು ಅಜ್ಞಾನವೆಂದಾರು. ನನಗೆ ಹಾಗನ್ನಿಸಲಿಲ್ಲ. ಬ್ರಿಜಿಟ್ಟಳ ದರ್ಶನದಿಂದ ಚಿತ್ರಕಲೆ ಏನನ್ನು ಕಳೆದುಕೊಂಡಿತೆಂಬುದು ಆಯಿಯ ಮೊದಲೆರಡು ಮಾತಿನಲ್ಲಿ ಬಂತು. ಮತ್ತೆ ಆ ಮೂರನೆಯ ಮಾತು, ಹಿರಿಯರು ಯಾರೂ ಇರಲಿಲ್ಲವೇ ಅನ್ನುವುದು, ಕಥೆಯ ಬುಡಕ್ಕೇ ಕೈ ಹಾಕುತ್ತದೆ. ಲೂಕ ಹೇಳುವಂತೆ ಮರಿಯಮ್ಮ ನಜರೇತಿನ ಹುಡುಗಿ. ಬೆತ್ಲೆಹೇಮ್ ಜೋಸೆಫನ ಮನೆತನದ ಊರು. ಖಾನೇಷುಮಾರಿಗೆಂದು ತುಂಬಿದ ಬಸುರಿಯನ್ನು ಕರೆದುಕೊಂಡು ಬಂದದ್ದು. ಅಂದರೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಲಿಲ್ಲ! ತಾಯಿ ಬಳಿಯಲ್ಲಿಲ್ಲ, ಅತ್ತೆಯ ಸುದ್ದಿಯಿಲ್ಲ, ಕರೆಯಲು ಬರುವ ಅಣ್ಣನಿಲ್ಲ. ಗರತಿಯ ಹಾಡಿನ ಹೆಣ್ಣುಮಗಳಿಗೆ ಈ ಕಥೆಯಲ್ಲಿ ಮನಸ್ಸು ಕಲಕುವುದು ಕೊಟ್ಟಿಗೆಯಲ್ಲ, ತವರು ದೂರವಾದದ್ದು. ಯುರೋಪಿನ ಪಂಡಿತರು ಇದನ್ನು ಎಲ್ಲಿಯಾದರೂ ಎತ್ತಿ ಆಡಿದ್ದನ್ನು ನಾನು ಓದಿಲ್ಲ. ಆದರೆ ಜೆರೋಮ್ ಬೇಡವೆಂದರೂ ಸೂಲಗಿತ್ತಿಯರನ್ನು ಬಿಡದೆ ಬರೆದ ಚಿತ್ರಕಾರರಿಗೆ ಒಳಗೊಳಗೇ ಗೊತ್ತಿತ್ತೆಂದು ಕಾಣುತ್ತದೆ: ಈ ಹುಡುಗಿಯ ಹತ್ತಿರ ಯಾರಾದರೂ ಒಬ್ಬ ಹೆಂಗಸು ಇರಲೇಬೇಕು.

ಇನ್ನು ಜೋಸೆಫ. ಜೊತ್ತೊನ ಚಿತ್ರದಲ್ಲಿ ಮೂಲೆಗೆ ಕೂತು ತೂಕಡಿಸುತ್ತಿದ್ದಾನೆ. ಪಿಯೆರೊನಲ್ಲಿ ಕತ್ತೆಯ ತಡಿಯ ಮೇಲೆ ಕಾಲ ಮೇಲೆ ಕಾಲು ಹಾಕಿ, ಅಂಗಾಲು ನಮಗೆ ಕಾಣುವಂತೆ ಕೂತು ಬೇರೆತ್ತಲೋ ನೋಡುತ್ತಿದ್ದಾನೆ. ಹೆರಿಗೆಯ ಮನೆಯಲ್ಲಿ ಗಂಡಸಿಗೆ ಇದಕ್ಕಿಂತ ಹೆಚ್ಚಿನ ಪಾತ್ರವಿಲ್ಲ ಎಂಬುದನ್ನು ಎಲ್ಲ ದೇಶದ ಚಿತ್ರಕಾರರೂ ಒಪ್ಪಿದಂತಿದೆ.

ಕುರುಬರ ವಿಷಯಕ್ಕೆ ಬಂದರೆ ಹ್ಯೂಗೊ ವಾನ್ ಡರ್ ಗೂಸ್‌ನ ಮುಂದೆ ಉಳಿದವರು ನಿಲ್ಲಲಾರರು. ಬ್ರೂಜ್ ಪಟ್ಟಣದಲ್ಲಿದ್ದ ಫ್ಲಾರೆನ್ಸಿನ ಸಾಹುಕಾರ ಪೋರ್ತಿನಾರಿ ಬರೆಸಿದ ದೊಡ್ಡ ಚಿತ್ರವದು. 1483ರಲ್ಲಿ ಫ್ಲಾರೆನ್ಸ್ ಮುಟ್ಟಿತು, ಈಗ ಉಫಿತ್ಸಿಯಲ್ಲಿದೆ. ರೇಷ್ಮೆ ಜರತಾರಿ ಉಟ್ಟ ದೇವದೂತರು ಗಾತ್ರದಲ್ಲಿ ಸಣ್ಣವರು. ಮೂವರು ಕುರುಬರು ಮರಿಯಮ್ಮನಷ್ಟೇ ದೊಡ್ಡವರು. ಓಡಿ ಬಂದ ದಮ್ಮು ಇನ್ನೂ ಇಳಿದಿಲ್ಲ. ಒಬ್ಬನ ಬಾಯಿ ತೆರೆದೇ ಇದೆ. ಇನ್ನೊಬ್ಬನ ಅಂಗೈಗಳು ಜೋಡಿಸಬೇಕೆಂದು ಹತ್ತಿರ ಬಂದಿವೆ, ಇನ್ನೂ ಮುಗಿದಿಲ್ಲ. ಬಿಸಿಲಿಗೆ ಸುಟ್ಟ ಮೈಬಣ್ಣ, ದಪ್ಪ ಬೆರಳು, ಒರಟು ಉಗುರು, ಒಂದನ್ನೂ ಒರೆಸಿ ಚೊಕ್ಕ ಮಾಡಿಲ್ಲ. ಹೆಗಲ ಮೇಲೊಂದು ಕರಿ ಕಂಬಳಿ ಹಾಕಿದರೆ ನಮ್ಮ ಹಾಲುಮತದವರೇ. ಹೊಸದಾಗಿ ಹುಟ್ಟಿದ ದೇವರನ್ನು ಕುರುಬರು ಮೊದಲು ಕಂಡರೆಂಬ ಮಾತು ಡೊಳ್ಳಿನ ಪದ ಕೇಳಿದವರಿಗೆ ವಿಚಿತ್ರವೆನಿಸದು. ಕಾಡಿನ ಪಾಲಾದ ಕೂಸು ಬೀರಪ್ಪನನ್ನು ಅಕ್ಕ ಮಾಯವ್ವ ಸಾಕಿದ ಕಥೆಯನ್ನು ರಾತ್ರಿಯಿಡೀ ಹಾಡುವ ನಾಡು ಇದು.

ಯುರೋಪಿನ ಚಿತ್ರಕಲೆ ಈ ಸೀಮೆಗೆ ತೀರ ಹೊಸತೂ ಅಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಬಿಜಾಪುರ ಆಳುತ್ತಿದ್ದಾಗ ಹಾರ್ಲೆಮ್ ಊರಿನ ಡಚ್ ಚಿತ್ರಕಾರ ಕಾರ್ನೆಲಿಸ್ ಹೇಡ ಆಸ್ಥಾನದಲ್ಲಿದ್ದ. ಸಿಂದಗಿ ದಾರಿಯ ಕುಮಟಗಿ ಮಹಲಿನ ಗೋಡೆಗಳ ಮೇಲೆ ಯುರೋಪಿನ ಉಡುಪಿನವರ ಮಾಸಿದ ಚಿತ್ರಗಳಿವೆ. ಮುದ್ದೇಬಿಹಾಳ ದಾಟಿ ಕೃಷ್ಣೆಯ ಆಚೆ ಹೋದರೆ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿದ್ದಾರೆ.

ಮರಿಯಮ್ಮನ ಇನ್ನೊಂದು ಚಿತ್ರವೂ ನಮ್ಮ ಊರುಗಳಿಗೆ ಪರಿಚಿತ. ಕುರಾನಿನ 19ನೆಯ ಅಧ್ಯಾಯಕ್ಕೆ ಅವಳ ಹೆಸರೇ ಇದೆ. ಅಲ್ಲಿ ಕೊಟ್ಟಿಗೆಯಿಲ್ಲ, ಜೋಸೆಫನಿಲ್ಲ. ಬೇನೆ ತಾಳಲಾರದೆ ಮರ್ಯಮ್ ಒಬ್ಬಳೇ ಖರ್ಜೂರದ ಗಿಡದ ಬೊಡ್ಡೆಗೆ ಬರುತ್ತಾಳೆ; ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಅನ್ನುತ್ತಾಳೆ. ಕಾಲ ಕೆಳಗೆ ನೀರು ಹರಿದಿದೆ, ಬೊಡ್ಡೆ ಅಲುಗಿಸು ಹಣ್ಣು ಬೀಳುತ್ತವೆ ಎಂದು ದನಿ ಕೇಳಿಸುತ್ತದೆ. ಪ್ರವಾದಿಗಳ ಕಥೆ ಹೇಳುವ ಪರ್ಷಿಯನ್ ಹಸ್ತಪ್ರತಿಗಳ ಚಿತ್ರಗಳಲ್ಲಿ ಈ ಗಿಡ ಬರುತ್ತದೆ. ಬೇನೆಯನ್ನು ಬೇನೆಯೆಂದೇ ಹೇಳಿದ್ದರಿಂದ ಈ ಪ್ರಸಂಗ ನನಗೆ ಬ್ರಿಜಿಟ್ಟಳ ದರ್ಶನಕ್ಕಿಂತ ಹತ್ತಿರ. ಹಣ್ಣಿನ ಆಯ್ಕೆಯೂ ಸರಿಯಾಗಿದೆ. ನಮ್ಮಲ್ಲಿ ಬಾಣಂತಿಗೆ ಕಟ್ಟುವ ಅಂಟಿನುಂಡಿಯಲ್ಲಿ ಕೊಬ್ಬರಿಯ ಜೊತೆ ಉತ್ತತ್ತಿ ಬೀಳಲೇಬೇಕು.

ಕರ್ನಾಟಕದಲ್ಲಿ ಕ್ರೈಸ್ತ ಚಿತ್ರಕಲೆ ಎಂದ ಕೂಡಲೇ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೆನಪಾಗುತ್ತದೆ. ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅದರ ಗೋಡೆ, ಮಾಡುಗಳನ್ನೆಲ್ಲ ತುಂಬಿದ. ದೊಡ್ಡ ಕೆಲಸ, ಕಣ್ಣು ಮಾತ್ರ ಪೂರ್ತಿ ಇಟಲಿಯದು. ಮರಿಯಮ್ಮನಿಗೆ ಸೀರೆ ಉಡಿಸಿದವನು ಗೋವೆಯ ಆಂಜೆಲೊ ಡಾ ಫೊನ್ಸೆಕಾ (1902–1967). ಶಾಂತಿನಿಕೇತನದಲ್ಲಿ ಕಲಿತು ಬಂದವನು, ಸೀರೆಯ ಮರಿಯಮ್ಮನಿಗಾಗಿ ತನ್ನವರಿಂದಲೇ ಬೈಸಿಕೊಂಡು ಪುಣೆ ಸೇರಿದ. ಅವನ ನಾಜೂಕು ಗೆರೆಗಳು ಚೆಂದ. ಆದರೂ ಸೀರೆ ಉಡಿಸಿದ ಮಾತ್ರಕ್ಕೆ ಚಿತ್ರ ನಮ್ಮ ಮನೆಯೊಳಗೆ ಬಂದಂತಾಗುವುದಿಲ್ಲ.

ಮನೆಯೊಳಗೆ, ನೇರವಾಗಿ ಅಡಿಗೆಮನೆಗೇ ಬಂದವರು ಜ್ಯೋತಿ ಸಾಹಿ. 1944ರಲ್ಲಿ ಪುಣೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಚಿತ್ರಕಲೆ ಕಲಿತು, 1970ರ ದಶಕದಲ್ಲಿ ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೆಪುರ ಹಳ್ಳಿಯಲ್ಲಿ ನೆಲೆನಿಂತವರು. 2000ದ ಸುಮಾರಿಗೆ ಅವರು ಬರೆದ ‘ದಲಿತ ಮಡೋನಾ’ ಬ್ರಿಟನ್ನಿನ ಮೆಥಡಿಸ್ಟ್ ಚರ್ಚಿನ ಚಿತ್ರಸಂಗ್ರಹದಲ್ಲಿದೆ. ತಾಯಿ, ಮಗುವಿನ ಆಕಾರಕ್ಕೆ ಅವರು ಹಿಡಿದದ್ದು ರುಬ್ಬುವ ಕಲ್ಲನ್ನು. ಒರಳು ತಾಯಿ, ಅದರ ಕುಳಿಯಲ್ಲಿ ಕೂತ ಗುಂಡಕಲ್ಲು ಮಗು. ತಾಯಿ ಮಗುವಿನ ಸುತ್ತ ಬಾಗಿದ್ದಾಳೆ, ಮಗು ಬೀಜದ ಹಾಗೆ ಅವಳೊಳಗೆ ಕೂತಿದೆ.

ಈ ಚಿತ್ರದ ಮುಂದೆ ಯುರೋಪಿನವರಿಗೆ ವಿವರಣೆಯ ಚೀಟಿ ಬೇಕು. ಇಲ್ಲಿಯವರಿಗೆ ಬೇಡ. ನಾಮಕರಣದ ದಿನ ತೊಟ್ಟಿಲಿಗೆ ಕೂಸಿಗಿಂತ ಮೊದಲು ಏರುವುದು ಗುಂಡಕಲ್ಲು. ಅದನ್ನು ತೊಳೆದು, ಕುಂಕುಮ ಹಚ್ಚಿ, ಕುಂಚಿಗೆ ಕಟ್ಟಿ, ಮುತ್ತೈದೆಯರು ತೊಟ್ಟಿಲ ಕೆಳಗೊಮ್ಮೆ ಮೇಲೊಮ್ಮೆ ಕೈ ಬದಲಿಸಿ ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು ಹಾರೈಕೆ. ನಾಲ್ಕು ಗಳಿಗೆ ಮಗುವಾಗಿದ್ದ ಕಲ್ಲು ಮರುದಿನ ಒರಳಿಗಿಳಿದು ಚಟ್ನಿ ಅರೆಯುತ್ತದೆ. ಸಾಹಿ ಈ ಎರಡೂ ಅರ್ಥಗಳನ್ನು ಕೈಬಿಟ್ಟಿಲ್ಲ. ಒರಳೆಂದರೆ ಮಡಿಲು, ಹೌದು. ಒರಳೆಂದರೆ ದಿನದಿನದ ದುಡಿಮೆ, ಸವೆತ, ತಿರುತಿರುಗಿ ತಿರುವಿದಲ್ಲೇ ತಿರುವುವುದು ಕೂಡ. ಚಿತ್ರದ ಹೆಸರಿನಲ್ಲಿ ದಲಿತ ಎಂಬ ಮಾತು ಬಂದದ್ದು ಅಲಂಕಾರಕ್ಕಲ್ಲ. ಅರೆಯುವವಳು, ಅರೆಸಿಕೊಂಡವಳು ಇಬ್ಬರೂ ಇಲ್ಲಿ ಒಬ್ಬಳೇ.

ಹಲಸಂಗಿಯ ಹಾಡು ಹುಟ್ಟಿದ ಬೀಸುಕಲ್ಲು ಬೇರೆ, ಸಾಹಿಯವರ ಒರಳು ಬೇರೆ; ಒಂದು ಜೋಳ ಬೀಸುವುದು, ಇನ್ನೊಂದು ನೆನೆಹಾಕಿದ್ದನ್ನು ರುಬ್ಬುವುದು. ಬೀಸುಕಲ್ಲಿಗೆ ಮೇಲೊಂದು ಕೆಳಗೊಂದು ಕಲ್ಲು, ನಡುವೆ ಗೂಟ. ಅದಕ್ಕೆ ತಾಯಿ ಮಗುವಿನ ಆಕಾರ ಬರುವುದಿಲ್ಲ. ಆದರೆ ಎರಡೂ ಕಲ್ಲಿನ ಮುಂದೆ ಕೂತ ಹೆಣ್ಣಿನ ಭಂಗಿ ಒಂದೇ. ಮುಂದಕ್ಕೆ ಬಾಗಿದ ಬೆನ್ನು, ತೊಡೆಯ ಮೇಲೆ ಹಾಲು ಕುಡಿಯುವ ಕೂಸು, ಬಿಡುವಿಲ್ಲದ ಬಲಗೈ. ಗರತಿಯ ಹಾಡಿನ ತಾಯಿಗೆ ಯಾರಾದರೂ ಬಣ್ಣದಲ್ಲಿ ರೂಪ ಕೊಟ್ಟಿದ್ದರೆ ಅದು ಈ ಚಿತ್ರದಲ್ಲಿ ಎನ್ನುತ್ತೇನೆ. ಜೊತ್ತೊನ ಪಕ್ಕಕ್ಕೆ ಇದನ್ನಿಡಲು ನನಗೆ ಸಂಕೋಚವಿಲ್ಲ.

ಚರ್ಚುಗಳ, ಮನೆಗಳ ಗೋದಲಿಗಳು ಈ ಎತ್ತರಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಾಗದ ಸುಕ್ಕು ಮಾಡಿ ಮಾಡಿದ ಬಂಡೆ, ಹುಲ್ಲಿನ ಗುಡಿಸಲು, ಕೆಲವು ಕಡೆ ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿಯ ಹಸಿರು ಗದ್ದೆ. ಡಿಸೆಂಬರ್ 24ರ ನಡುರಾತ್ರಿಯವರೆಗೆ ಗೋದಲಿ ಖಾಲಿ ಇಟ್ಟು, ಪೂಜೆಯ ಹೊತ್ತಿಗೆ ಬಾಲಯೇಸುವನ್ನು ತಂದು ಮಲಗಿಸುವ ರೂಢಿ ಮಾತ್ರ ಬಹಳ ಸೊಗಸು. ಚಿತ್ರಕ್ಕೆ ಸಿಗದ ಕಾಲವೆಂಬುದು ಗೋದಲಿಗೆ ಸಿಗುತ್ತದೆ. ನನ್ನ ತಕರಾರು ಅಂಗಡಿಯ ಪ್ಲಾಸ್ಟರ್ ಗೊಂಬೆಗಳ ಮೇಲೆ. ಎಲ್ಲರ ಕೆನ್ನೆಗೂ ಒಂದೇ ಗುಲಾಬಿ ಬಣ್ಣ. ಎತ್ತಂತೂ ಯಾವ ದೇಶದ್ದೋ, ಇಣಿಯೇ ಇಲ್ಲದ್ದು.

ಎತ್ತು ಮಾಡುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಎರೆಮಣ್ಣು ಕಲಸಿ ಎರಡು ಎತ್ತು ಮಾಡುತ್ತಾರೆ, ಅವುಗಳ ಮುಂದೆ ಮಣ್ಣಿನದೇ ಒಂದು ಗ್ವಾದಲಿ ಇಡುತ್ತಾರೆ. ಎತ್ತಿದ ಇಣಿ, ಚೂಪು ಕೊಂಬು, ಕಣ್ಣಿಗೆ ಕುಸುಬೆ ಕಾಳು. ಬೆರಳೊತ್ತಿದ ಗುರುತು ಮೈತುಂಬ ಹಾಗೇ ಉಳಿದಿರುತ್ತದೆ. ಬೆತ್ಲೆಹೇಮಿನ ಕೊಟ್ಟಿಗೆಗೆ ಇದಕ್ಕಿಂತ ಒಳ್ಳೆಯ ಎತ್ತು ಸಿಕ್ಕೀತೆಂದು ನನಗನ್ನಿಸುವುದಿಲ್ಲ. ಹಬ್ಬ ಬರುವುದು ಜ್ಯೇಷ್ಠದ ಕೊನೆಗೆ, ಮಣ್ಣು ಸುಟ್ಟದ್ದಲ್ಲ, ಡಿಸೆಂಬರಿನವರೆಗೆ ಬಾಳುವುದಿಲ್ಲ. ಗೋದಲಿ ಕಟ್ಟುವವರು ಕುಂಬಾರರಿಗೆ ಹೇಳಿ ಇನ್ನೊಂದು ಜೋಡಿ ಮಾಡಿಸಿಕೊಳ್ಳಬೇಕು.